ಸಬ್‌ಸರ್ಫೇಸ್: ಸ್ಕೂಬಾ ಸಲಕರಣೆಗಳ ಬಳಕೆ ಮತ್ತು ಸರ್ವಿಸ್ ಲೆಕ್ಕಕ್ಕೆ ಎಷ್ಟು ಒದಗುತ್ತದೆ?

ನಿಮ್ಮ ರೆಗ್ಯುಲೇಟರ್ (ಸಿಲಿಂಡರ್‌ನ ಗಾಳಿಯನ್ನು ಉಸಿರಾಡಲು ತಕ್ಕ ಒತ್ತಡಕ್ಕೆ ಇಳಿಸಿ ಬಾಯಿಗೆ ಕೊಡುವ ಸಾಧನ) ಸರ್ವಿಸ್ ಆಗಿ ಎಷ್ಟು ದಿನವಾಯಿತು ಎಂದು ಸ್ಕೂಬಾ ಡೈವರ್‌ಗಳನ್ನು ಕೇಳಿದರೆ ‘ಹೋದ ವರ್ಷ ಮಾಡಿಸಿದ ನೆನಪು’ ಎಂಬ ಉತ್ತರ ಬರುತ್ತದೆ. ಆಮೇಲೆ ಅದರಲ್ಲಿ ಎಷ್ಟು ಡೈವ್ ಆಗಿವೆ ಎಂದು ಕೇಳಿದರೆ ಆ ನೆನಪೂ ಕೈಕೊಡುತ್ತದೆ. ನಾನೂ ಹಲವು ವರ್ಷ ಹೀಗೆಯೇ ಉತ್ತರ ಕೊಡುತ್ತಿದ್ದೆ. ಕಳೆದ ಮೂರು ವರ್ಷಗಳಿಂದ ನನ್ನ ಎರಡು ರೆಗ್ಯುಲೇಟರ್ ಸೆಟ್, ಒಂದು ಬಿಸಿಡಿ (ಗಾಳಿ ತುಂಬಿ ತೇಲುವಿಕೆಯನ್ನು ಹೊಂದಿಸುವ ಜಾಕೆಟ್), ಎರಡು ಸಿಲಿಂಡರ್ ಮತ್ತು ನೀರು ಒಳಬರದ ಒಂದು ಡ್ರೈಸೂಟ್‌ನ ಬಳಕೆಯ ಲೆಕ್ಕವನ್ನು ಸಬ್‌ಸರ್ಫೇಸ್ ಎಂಬ ತಂತ್ರಾಂಶದಲ್ಲಿ ಇಡುತ್ತಿದ್ದೇನೆ. ಡೈವ್‌ಗಳ ದಾಖಲೆಗೆಂದು ರೂಪುಗೊಂಡ ಈ ತಂತ್ರಾಂಶವು ಸಲಕರಣೆಗಳ ಆರೈಕೆಯ ಲೆಕ್ಕಕ್ಕೆ ಎಷ್ಟರ ಮಟ್ಟಿಗೆ ಒದಗುತ್ತದೆ ಎಂಬುದಷ್ಟೇ ಈ ವಿಮರ್ಶೆಯ ವಿಷಯ. ಡೈವ್ ಪ್ಲಾನರ್, ನಕ್ಷೆ, ಫೋಟೊ ಜೋಡಣೆ ಮೊದಲಾದ ಅದರ ಇತರ ಸೌಲಭ್ಯಗಳ ಬಗ್ಗೆ ಇಲ್ಲಿ ಹೇಳುವುದಿಲ್ಲ.

ಲಿನಕ್ಸ್ ಕರ್ನಲ್‌ನ ಜನಕ ಲೀನಸ್ ಟೊರ್ವಾಲ್ಡ್ಸ್ ಸ್ವತಃ ಡೈವಿಂಗ್ ಹವ್ಯಾಸಿ. 2011ರಲ್ಲಿ ತಮ್ಮ ಡೈವ್‌ಗಳನ್ನು ದಾಖಲಿಸಲು ಅವರು ಬರೆಯಲಾರಂಭಿಸಿದ ತಂತ್ರಾಂಶವೇ ಸಬ್‌ಸರ್ಫೇಸ್. ಮುಂದೆ ಅದರ ನಿರ್ವಹಣೆಯ ಹೊಣೆಯನ್ನು ಡರ್ಕ್ ಹೊಂಡೆಲ್ ವಹಿಸಿಕೊಂಡರು. ಇದು ಮುಕ್ತ ತಂತ್ರಾಂಶ, ಉಚಿತವಾಗಿ ಸಿಗುತ್ತದೆ, ವಿಂಡೋಸ್, ಮ್ಯಾಕ್ ಮತ್ತು ಲಿನಕ್ಸ್ ಮೂರರಲ್ಲಿಯೂ ನಡೆಯುತ್ತದೆ, ಮೊಬೈಲ್ ಆವೃತ್ತಿಯೂ ಇದೆ. ಲಿಬ್‌ಡೈವ್‌ಕಂಪ್ಯೂಟರ್ ಎಂಬ ಇನ್ನೊಂದು ಮುಕ್ತ ಯೋಜನೆಯ ಬಲದಿಂದ ಬೇರೆ ಬೇರೆ ಕಂಪನಿಗಳ ಡೈವ್ ಕಂಪ್ಯೂಟರ್‌ಗಳಿಂದ (ಡೈವ್‌ನ ಆಳ, ಸಮಯಗಳನ್ನು ದಾಖಲಿಸುವ ಸಾಧನ) ಮಾಹಿತಿಯನ್ನು ನೇರವಾಗಿ ಇಳಿಸಿಕೊಳ್ಳುತ್ತದೆ. ಸಲಕರಣೆಗಳ ಲೆಕ್ಕಕ್ಕೆ ಈ ಕೊನೆಯ ಗುಣವೇ ಮುಖ್ಯ, ಏಕೆಂದರೆ ಕೈಯಿಂದ ಬರೆಯಬೇಕಾದ ಲೆಕ್ಕ ಎರಡು ಪ್ರವಾಸಗಳಲ್ಲಿ ನಿಂತುಹೋಗುತ್ತದೆ, ತಾನಾಗಿ ಬಂದು ಕೂರುವ ಲೆಕ್ಕ ನಿಲ್ಲುವುದಿಲ್ಲ.

ತಂತ್ರಾಂಶದ ಗುಣದೋಷಕ್ಕೆ ಹೋಗುವ ಮೊದಲು ಲೆಕ್ಕದಲ್ಲಿ ಏನಿರಬೇಕು ಎಂಬುದನ್ನು ಹೇಳಬೇಕು. ಸಲಕರಣೆಯ ವಯಸ್ಸನ್ನು ಅಳೆಯಲು ಕ್ಯಾಲೆಂಡರ್ ಒಂದು, ಡೈವ್‌ಗಳ ಸಂಖ್ಯೆ ಇನ್ನೊಂದು, ಹೀಗೆ ಎರಡು ಲೆಕ್ಕಗಳು ಬೇಕು. ರೆಗ್ಯುಲೇಟರ್‌ಗೆ ವರ್ಷಕ್ಕೊಮ್ಮೆ ಅಥವಾ 100 ಡೈವ್‌ಗೊಮ್ಮೆ, ಯಾವುದು ಮೊದಲೋ ಆಗ ಸರ್ವಿಸ್ ಎಂಬುದು ಹಳೆಯ ರೂಢಿ. ಈಗ ಹಲವು ತಯಾರಕರು ಅವಧಿಯನ್ನು ಎರಡು ವರ್ಷಕ್ಕೆ ಹಿಗ್ಗಿಸಿ, ನಡುವೆ ವರ್ಷಕ್ಕೊಮ್ಮೆ ಬಿಚ್ಚದೆಯೇ ಮಾಡುವ ತಪಾಸಣೆ ಸಾಕೆನ್ನುತ್ತಾರೆ. ಡೈವ್‌ಗಳ ಮಿತಿಯೂ ತಯಾರಕರಿಂದ ತಯಾರಕರಿಗೆ ಬದಲಾಗುತ್ತದೆ. ಬಳಸಿದಷ್ಟೂ ಸವೆಯುವುದು ಎಲ್ಲರಿಗೂ ಅರ್ಥವಾಗುತ್ತದೆ, ಆದರೆ ಬಳಸದೆ ಇಟ್ಟದ್ದೂ ಹಾಳಾಗುತ್ತದೆ ಎಂಬುದನ್ನು ಹೆಚ್ಚಿನವರು ಮರೆಯುತ್ತಾರೆ. ರೆಗ್ಯುಲೇಟರ್‌ನಲ್ಲಿ ಬಾಯಿಗೆ ಇಡುವ ಭಾಗವಾದ ಸೆಕೆಂಡ್ ಸ್ಟೇಜ್‌ನ ಒಳಗೆ ಗಾಳಿಯ ದಾರಿಯನ್ನು ಮುಚ್ಚುವ ಮೃದುವಾದ ಸೀಟ್, ಅಂಚು ಚೂಪಾಗಿರುವ ಒಂದು ರಂಧ್ರಕ್ಕೆ ಸ್ಪ್ರಿಂಗ್‌ನ ಒತ್ತಡದಲ್ಲಿ ತಿಂಗಳುಗಟ್ಟಲೆ ಒತ್ತಿಕೊಂಡೇ ಇರುವುದರಿಂದ ಅದರ ಮೇಲೆ ಉಂಗುರದಂತೆ ಗುರುತು ಮೂಡುತ್ತದೆ. ಸೋರಿಕೆ ತಡೆಯುವ ರಬ್ಬರ್‌ನ ಓ-ರಿಂಗ್‌ಗಳು ಗಟ್ಟಿಯಾಗುತ್ತವೆ. ತೊಳೆಯುವಾಗ ಉಳಿದ ಉಪ್ಪು ಕಪಾಟಿನಲ್ಲಿ ಇರುವಾಗಲೂ ತನ್ನ ಕೆಲಸ ಮಾಡುತ್ತಲೇ ಇರುತ್ತದೆ. ಹೀಗಾಗಿ ಎರಡೂ ಲೆಕ್ಕಗಳನ್ನು ಪ್ರತಿಯೊಂದು ವಸ್ತುವಿಗೂ ಬೇರೆಯಾಗಿ ಇಡದ ಪುಸ್ತಕವಾಗಲಿ ತಂತ್ರಾಂಶವಾಗಲಿ ಈ ಕೆಲಸಕ್ಕೆ ಅರ್ಧವಷ್ಟೇ ಒದಗುತ್ತದೆ.

ಸಬ್‌ಸರ್ಫೇಸ್ ಈ ಎರಡರಲ್ಲಿ ಡೈವ್‌ಗಳ ಲೆಕ್ಕವನ್ನು ಅತ್ಯಂತ ಚೆನ್ನಾಗಿ ಇಡುತ್ತದೆ, ಕ್ಯಾಲೆಂಡರ್ ಲೆಕ್ಕವನ್ನು ಇಡುವುದೇ ಇಲ್ಲ. ಪ್ರತಿ ಡೈವ್‌ನ ಪುಟದಲ್ಲಿ ಸಿಲಿಂಡರ್, ತೂಕ ಮತ್ತು ಸೂಟ್‌ಗೆ ಸ್ಥಳವಿದೆ. ರೆಗ್ಯುಲೇಟರ್‌ಗೆ, ಬಿಸಿಡಿಗೆ ಪ್ರತ್ಯೇಕ ಸ್ಥಳವಿಲ್ಲ. ಈ ಕೊರತೆಯನ್ನು ಟ್ಯಾಗ್‌ಗಳು ತುಂಬುತ್ತವೆ. ಟ್ಯಾಗ್ ಎಂದರೆ ಡೈವ್‌ಗೆ ನಾವು ಅಂಟಿಸುವ ಚೀಟಿ. ರಾತ್ರಿ ಡೈವ್, ದೋಣಿ ಡೈವ್ ಎಂದು ವರ್ಗೀಕರಿಸಲು ಅದನ್ನು ಕೊಟ್ಟಿದ್ದಾರೆ, ಆದರೆ ಅದರಲ್ಲಿ ಏನನ್ನಾದರೂ ಬರೆಯಬಹುದು, ಕನ್ನಡದಲ್ಲಿಯೇ ಬರೆಯಬಹುದು, ಒಂದು ಡೈವ್‌ಗೆ ಎಷ್ಟನ್ನಾದರೂ ಹಾಕಬಹುದು. ಒಂದು ಪ್ರವಾಸದ ಹನ್ನೆರಡು ಡೈವ್‌ಗಳನ್ನು ಒಟ್ಟಿಗೆ ಆಯ್ದುಕೊಂಡು ಒಮ್ಮೆ ಟ್ಯಾಗ್ ಬರೆದರೆ ಹನ್ನೆರಡಕ್ಕೂ ಸೇರಿಕೊಳ್ಳುತ್ತದೆ. ಅನಂತರ ಆ ಟ್ಯಾಗ್‌ನಿಂದ ಡೈವ್‌ಗಳನ್ನು ಸೋಸಿ, ಬಂದದ್ದನ್ನೆಲ್ಲ ಆಯ್ದುಕೊಂಡರೆ, ಆ ಸಲಕರಣೆಯ ಒಟ್ಟು ಡೈವ್‌ಗಳ ಸಂಖ್ಯೆ, ನೀರಿನ ಕೆಳಗೆ ಕಳೆದ ಒಟ್ಟು ಸಮಯ, ಇಳಿದ ಗರಿಷ್ಠ ಆಳ ಎಲ್ಲವೂ ಸಾರಾಂಶದ ಪುಟದಲ್ಲಿ ಕಾಣಿಸುತ್ತವೆ.

ಮೊದಲ ವರ್ಷ ನಾನು ‘ರೆಗ್ 1’, ‘ರೆಗ್ 2’ ಎಂದಷ್ಟೇ ಬರೆಯುತ್ತಿದ್ದೆ. ಇದರಿಂದ ಕೊಂಡ ದಿನದಿಂದ ಆದ ಡೈವ್‌ಗಳು ಸಿಗುತ್ತಿದ್ದವೇ ಹೊರತು ಹಿಂದಿನ ಸರ್ವಿಸ್ ಆದಮೇಲಿನ ಡೈವ್‌ಗಳು ಸಿಗುತ್ತಿರಲಿಲ್ಲ. ಅದಕ್ಕೆ ಪ್ರತಿ ಸಲವೂ ಸರ್ವಿಸ್ ದಿನಾಂಕವನ್ನು ಹುಡುಕಿ ಸೋಸುವಾಗ ಕೊಡಬೇಕಿತ್ತು. ಈಗ ಟ್ಯಾಗ್‌ನ ಕೊನೆಗೆ ಸರ್ವಿಸ್‌ನ ಸಂಖ್ಯೆಯನ್ನೂ ಸೇರಿಸುತ್ತೇನೆ. ಮೂರನೆಯ ಸರ್ವಿಸ್ ಆಗುವ ತನಕದ ಡೈವ್‌ಗಳಿಗೆ ‘ರೆಗ್ 1 ಸ 2’, ಆದಮೇಲಿನವಕ್ಕೆ ‘ರೆಗ್ 1 ಸ 3’. ಸೋಸಿದ ಕೂಡಲೇ ಈ ಸುತ್ತಿನ ಲೆಕ್ಕ ಮಾತ್ರ ಬರುತ್ತದೆ. ಸಿಲಿಂಡರ್‌ಗೆ ಸಿಕ್ಕಿಸುವ ಫಸ್ಟ್ ಸ್ಟೇಜ್ ಮತ್ತು ಬಾಯಿಗೆ ಇಡುವ ಸೆಕೆಂಡ್ ಸ್ಟೇಜ್‌ಗಳನ್ನು ಅದಲುಬದಲು ಮಾಡುವ ಅಭ್ಯಾಸ ಇದ್ದವರು ಅವುಗಳಿಗೆ ಬೇರೆ ಬೇರೆ ಟ್ಯಾಗ್ ಇಡುವುದು ಒಳ್ಳೆಯದು; ಪ್ರತಿಯೊಂದರ ಮೇಲೂ ತನ್ನದೇ ಸೀರಿಯಲ್ ನಂಬರ್ ಕೆತ್ತಿರುತ್ತದೆ, ಅದರ ಕೊನೆಯ ಮೂರು ಅಂಕಿಗಳನ್ನೇ ಟ್ಯಾಗ್‌ನಲ್ಲಿ ಬರೆದರೆ ಗೊಂದಲಕ್ಕೆ ಎಡೆಯಿರುವುದಿಲ್ಲ.

ತಂತ್ರಾಂಶಕ್ಕೆ ಗೊತ್ತಿಲ್ಲದ ಡೈವ್‌ಗಳೂ ಇರುತ್ತವೆ. ಈಜುಕೊಳದಲ್ಲಿ ಅಭ್ಯಾಸ ಮಾಡುವಾಗ ಮಂಡಿಯೂರಿ ಕುಳಿತು ಮಾಸ್ಕ್ ತೆಗೆದು ಹಾಕುವ ಅರ್ಧ ಗಂಟೆಯನ್ನು ಡೈವ್ ಕಂಪ್ಯೂಟರ್ ಡೈವ್ ಎಂದು ಎಣಿಸದೆಯೂ ಹೋಗಬಹುದು, ಏಕೆಂದರೆ ಅಷ್ಟು ಕಡಿಮೆ ಆಳದಲ್ಲಿ ಅದು ದಾಖಲೆಯನ್ನೇ ಆರಂಭಿಸುವುದಿಲ್ಲ. ಆದರೆ ರೆಗ್ಯುಲೇಟರ್‌ನ ಕವಾಟಗಳು ಆ ಅರ್ಧ ಗಂಟೆಯಲ್ಲೂ ಅಷ್ಟೇ ಸಲ ತೆರೆದು ಮುಚ್ಚಿರುತ್ತವೆ, ಕ್ಲೋರಿನ್ ಬೆರೆತ ನೀರು ರಬ್ಬರ್‌ಗೂ ಬಟ್ಟೆಗೂ ಒಳ್ಳೆಯದಲ್ಲ. ಕಲಿಸುವವರ ಸಲಕರಣೆಗಳಲ್ಲಿ ಈ ಲೆಕ್ಕಕ್ಕೆ ಸಿಗದ ಬಳಕೆಯೇ ಹೆಚ್ಚಿರುತ್ತದೆ. ಇಂಥ ಡೈವ್‌ಗಳನ್ನು ಕೈಯಿಂದ ಸೇರಿಸಬೇಕು. ನನ್ನ ಎರಡನೆಯ ಸೆಟ್ಟನ್ನು ಸ್ನೇಹಿತನೊಬ್ಬ ಒಂದು ವಾರ ಒಯ್ದಾಗ ಇನ್ನೊಂದು ತೊಡಕು ಬಂತು: ಅವನ ಹತ್ತು ಡೈವ್‌ಗಳನ್ನು ನನ್ನ ದಾಖಲೆಗೆ ಸೇರಿಸಿದರೆ ನಾನು ಮಾಡದ ಡೈವ್‌ಗಳು ನನ್ನ ಹೆಸರಿಗೆ ಬರುತ್ತವೆ, ಸೇರಿಸದಿದ್ದರೆ ರೆಗ್ಯುಲೇಟರ್‌ನ ಲೆಕ್ಕ ಸುಳ್ಳಾಗುತ್ತದೆ. ಸಬ್‌ಸರ್ಫೇಸ್ ಡೈವರ್‌ನ ದಿನಚರಿಯೇ ಹೊರತು ಸಲಕರಣೆಯ ದಿನಚರಿಯಲ್ಲ ಎಂಬುದು ನನಗೆ ಸ್ಪಷ್ಟವಾದದ್ದು ಅಂದು.

ಆದ್ದರಿಂದ ಪಕ್ಕದಲ್ಲಿ ಒಂದು ಸ್ಪ್ರೆಡ್‌ಶೀಟ್ ಇಟ್ಟುಕೊಂಡಿದ್ದೇನೆ. ವಸ್ತುವಿನ ಹೆಸರು, ಸೀರಿಯಲ್ ನಂಬರ್, ಕೊಂಡ ದಿನ, ಹಿಂದಿನ ಸರ್ವಿಸ್‌ನ ದಿನ, ತಯಾರಕರು ಹೇಳಿದ ಅವಧಿ, ಮುಂದಿನ ದಿನ, ಇತರರು ಬಳಸಿದ ಡೈವ್‌ಗಳು ಮತ್ತು ಒಂದು ಅಗಲವಾದ ಟಿಪ್ಪಣಿಯ ಕಲಮು. ಅವಧಿಯ ಕಲಮಿನಲ್ಲಿ ಅಂದಾಜು ಬರೆಯದೆ ಆ ಮಾಡೆಲ್‌ನ ಕೈಪಿಡಿ ನೋಡಿಯೇ ಬರೆಯಬೇಕು. ಮುಂದಿನ ದಿನವನ್ನು ಫೋನಿನ ಕ್ಯಾಲೆಂಡರ್‌ನಲ್ಲಿಯೂ ಹಾಕುತ್ತೇನೆ, ಅದೂ ಗಡುವಿನ ದಿನಕ್ಕಲ್ಲ, ಆರು ವಾರ ಮೊದಲಿಗೆ. ಎಲ್ಲರ ರೆಗ್ಯುಲೇಟರ್‌ಗಳೂ ಡೈವಿಂಗ್ ಋತುವಿನ ಬಾಗಿಲಲ್ಲೇ ವರ್ಕ್‌ಶಾಪ್‌ಗೆ ಬರುವುದರಿಂದ, ಪ್ರವಾಸಕ್ಕೆ ಮೂರು ದಿನ ಇರುವಾಗ ಸರ್ವಿಸ್‌ಗೆ ಕೊಡುವುದು ಎಲ್ಲ ರೀತಿಯಿಂದಲೂ ತಪ್ಪು. ಸರ್ವಿಸ್ ಆಗಿ ಬಂದ ರೆಗ್ಯುಲೇಟರನ್ನು ಸುಲಭದ, ಕಡಿಮೆ ಆಳದ ಒಂದು ಡೈವ್‌ನಲ್ಲಿ ಪರೀಕ್ಷಿಸಿ ನೋಡಲು ಸಮಯ ಉಳಿಯಬೇಕು, ಏಕೆಂದರೆ ಹೊಸ ಸೀಟ್ ಕೂತುಕೊಳ್ಳುವಾಗ ಹೊಂದಾಣಿಕೆ ಸ್ವಲ್ಪ ಅತ್ತಿತ್ತ ಆಗಿ ಸಣ್ಣ ಸೋರಿಕೆ ಕಾಣಿಸಿಕೊಳ್ಳುವುದುಂಟು.

ಆ ಟಿಪ್ಪಣಿಯ ಕಲಮಿನ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಸಿಲಿಂಡರ್‌ನ ಅಧಿಕ ಒತ್ತಡವನ್ನು ಫಸ್ಟ್ ಸ್ಟೇಜ್ ಸುತ್ತಲಿನ ಒತ್ತಡಕ್ಕಿಂತ ಸುಮಾರು 9ರಿಂದ 10 ಬಾರ್‌ನಷ್ಟು ಹೆಚ್ಚಿನ ಮಧ್ಯಂತರ ಒತ್ತಡಕ್ಕೆ ಇಳಿಸಿ ಹೋಸ್‌ಗೆ ಬಿಡುತ್ತದೆ; ನಿಖರವಾದ ಅಂಕಿ ಮಾಡೆಲ್‌ಗೆ ತಕ್ಕಂತೆ ಬೇರೆಯಾಗಿರುತ್ತದೆ. ಬಿಸಿಡಿಗೆ ಗಾಳಿ ತುಂಬುವ ಇನ್‌ಫ್ಲೇಟರ್ ಹೋಸ್‌ಗೆ ಸಿಕ್ಕಿಸುವ ಒಂದು ಸಣ್ಣ ಗೇಜ್‌ನಿಂದ ಇದನ್ನು ಮನೆಯಲ್ಲಿಯೇ ಅಳೆಯಬಹುದು. ಮೇಜಿನ ಮೇಲೆ ಸಿಲಿಂಡರ್ ತೆರೆದು ಸೆಕೆಂಡ್ ಸ್ಟೇಜ್‌ನಿಂದ ಗಾಳಿಯನ್ನು ಹೊರಬಿಡುವ ಪರ್ಜ್ ಗುಂಡಿಯನ್ನು ಒಂದೆರಡು ಸಲ ಒತ್ತಿ ಬಿಟ್ಟಾಗ ಮುಳ್ಳು ಕೆಳಗಿಳಿದು ಮತ್ತೆ ಏರಿ ಒಂದು ಅಂಕಿಯಲ್ಲಿ ತಟ್ಟನೆ ನಿಲ್ಲಬೇಕು, ನಿಂತದ್ದು ಅಲ್ಲೇ ಇರಬೇಕು. ಸರ್ವಿಸ್ ಆದ ವಾರ ನನ್ನ ಮೊದಲ ಸೆಟ್‌ನ ಅಂಕಿ 9.4 ಬಾರ್, ಅದನ್ನು ಬರೆದಿಟ್ಟೆ. ಮೂವತ್ತು ಡೈವ್ ಆದಮೇಲೆ ಅಷ್ಟೇ ಇತ್ತು, ಅರವತ್ತಕ್ಕೆ 9.6. ಎಪ್ಪತ್ತೆಂಟನೆಯ ಡೈವ್ ಆದ ಮರುದಿನ ನೋಡಿದಾಗ ಮುಳ್ಳು 9.6ರಲ್ಲಿ ನಿಂತಿತು, ನಾನು ಗೇಜ್ ತೆಗೆಯಲು ಕೈಯಿಟ್ಟೆ, ಅಷ್ಟರಲ್ಲಿ ಅದು ಕೂದಲೆಳೆಯಷ್ಟು ಸರಿದಂತೆ ಕಂಡಿತು. ಕೈ ಹಿಂದೆಗೆದು ಗಡಿಯಾರ ನೋಡುತ್ತಾ ಕುಳಿತೆ. ಐದು ನಿಮಿಷಕ್ಕೆ 10.1, ಹತ್ತು ನಿಮಿಷಕ್ಕೆ 10.7, ಆ ಹೊತ್ತಿಗೆ ಸೆಕೆಂಡ್ ಸ್ಟೇಜ್‌ನಿಂದ ಕಿವಿಗೊಟ್ಟರೆ ಮಾತ್ರ ಕೇಳುವಷ್ಟು ಸಣ್ಣದಾದ ಸುಯ್ಯೆನ್ನುವ ಸದ್ದು. ಫಸ್ಟ್ ಸ್ಟೇಜ್‌ನ ಅಧಿಕ ಒತ್ತಡದ ಸೀಟ್ ಸರಿಯಾಗಿ ಮುಚ್ಚಿಕೊಳ್ಳುತ್ತಿಲ್ಲ ಎಂಬುದಕ್ಕೆ ಇದು ಸ್ಪಷ್ಟ ಗುರುತು. ಬಿಚ್ಚಿ ನೋಡಿದಾಗ ಸೀಟ್‌ನ ಮೇಲೆ ಉಂಗುರದ ಒಂದು ಬದಿಯಲ್ಲಿ ಸಣ್ಣ ಗೀರು ಇತ್ತು.

ಸಬ್‌ಸರ್ಫೇಸ್‌ನ ಲೆಕ್ಕದಲ್ಲಿ ಆಗ ಇನ್ನೂ 22 ಡೈವ್ ಬಾಕಿ ಇದ್ದವು. ತಿಂಗಳ ಲೆಕ್ಕದಲ್ಲಿ ಐದು ತಿಂಗಳು. ಎರಡು ಗಡುವುಗಳೂ ಸರಿಯಾಗಿದ್ದವು, ರೆಗ್ಯುಲೇಟರ್ ಮಾತ್ರ ಸರಿಯಿರಲಿಲ್ಲ. ಹಿಂದಿನ ಅಂಕಿಗಳು ಎದುರಿಗೆ ಇಲ್ಲದಿದ್ದರೆ 9.6 ಎಂಬುದನ್ನು ನೋಡಿ ಸರಿಯಾಗಿದೆ ಎಂದುಕೊಂಡು ಗೇಜ್ ತೆಗೆದುಬಿಡುತ್ತಿದ್ದೆನೇನೋ. ಅಂದಿನಿಂದ ಈ ಅಂಕಿಯನ್ನು ಸ್ಪ್ರೆಡ್‌ಶೀಟ್‌ನಲ್ಲಿ ಮಾತ್ರವಲ್ಲದೆ ಆ ದಿನಕ್ಕೆ ಹತ್ತಿರದ ಡೈವ್‌ನ ಟಿಪ್ಪಣಿಯಲ್ಲಿಯೂ ಬರೆಯುತ್ತೇನೆ. ತಂತ್ರಾಂಶವು ಟಿಪ್ಪಣಿಯ ಪಠ್ಯವನ್ನೂ ಹುಡುಕುವುದರಿಂದ ‘ಮಧ್ಯಂತರ’ ಎಂಬ ಪದ ಹಾಕಿದರೆ ಅಳತೆಗಳೆಲ್ಲ ಸಾಲಾಗಿ ಬರುತ್ತವೆ.

ವರ್ಕ್‌ಶಾಪ್‌ಗಳಿಂದ ಬರುವ ಚೀಟಿಗಳ ವಿಷಯದಲ್ಲಿ ನನಗೆ ನಿಜವಾದ ಅಸಮಾಧಾನವಿದೆ. ಹಿಂದೊಮ್ಮೆ ಸರ್ವಿಸ್‌ಗೆ ಕೊಟ್ಟ ಸೆಟ್‌ನ ಜೊತೆ ಮರಳಿ ಬಂದದ್ದು ‘ಸರ್ವಿಸ್ ಆಗಿದೆ’ ಎಂಬ ಎರಡೇ ಪದಗಳು. ಯಾವ ಕಿಟ್ ಹಾಕಿದರು, ಆಕ್ಟೋಪಸ್ಸನ್ನು (ತುರ್ತಿಗೆಂದು ಇರುವ ಹೆಚ್ಚುವರಿ ಸೆಕೆಂಡ್ ಸ್ಟೇಜ್) ಬಿಚ್ಚಿದರೋ ಇಲ್ಲವೋ, ಮಧ್ಯಂತರ ಒತ್ತಡವನ್ನು ಎಷ್ಟಕ್ಕೆ ಹೊಂದಿಸಿದರು, ಒಂದೂ ಇರಲಿಲ್ಲ. ಎರಡು ತಿಂಗಳಲ್ಲಿ ಆಕ್ಟೋಪಸ್ ಸೋರತೊಡಗಿದಾಗ ಅದು ಹಳೆಯ ಸೀಟೋ ಹೊಸ ಸೀಟಿನ ಹೊಂದಾಣಿಕೆಯ ದೋಷವೋ ಎಂದು ಹೇಳಲು ನನ್ನಲ್ಲಿಯೂ ಅವರಲ್ಲಿಯೂ ದಾಖಲೆ ಇರಲಿಲ್ಲ. ಈಗ ನಾನು ಕೊಡುವಾಗಲೇ ಒಂದು ಕಾಗದದಲ್ಲಿ ಸೀರಿಯಲ್ ನಂಬರ್‌ಗಳು, ಈ ಸುತ್ತಿನ ಡೈವ್‌ಗಳ ಸಂಖ್ಯೆ, ಗಮನಕ್ಕೆ ಬಂದ ತೊಂದರೆಗಳನ್ನು ಬರೆದು, ಕೆಳಗೆ ಅವರು ತುಂಬಲು ಖಾಲಿ ಜಾಗ ಬಿಟ್ಟು ಕೊಡುತ್ತೇನೆ. ತೆಗೆದ ಹಳೆಯ ಭಾಗಗಳನ್ನೂ ಒಂದು ಪೊಟ್ಟಣದಲ್ಲಿ ಮರಳಿಸಬೇಕೆಂದು ಕೇಳುತ್ತೇನೆ. ಒಳ್ಳೆಯ ತಂತ್ರಜ್ಞರು ಇದರಿಂದ ಬೇಸರಪಡುವುದಿಲ್ಲ. ಡೈವ್‌ಗಳ ಖಚಿತ ಸಂಖ್ಯೆ ತಂದುಕೊಡುವ ಗ್ರಾಹಕ ಅವರಿಗೂ ಅಪರೂಪ.

ಸಿಲಿಂಡರ್‌ಗಳ ವಿಷಯ ಬೇರೆ. ಅಲ್ಲಿ ಡೈವ್‌ಗಳ ಎಣಿಕೆಗಿಂತ ಕ್ಯಾಲೆಂಡರೇ ಮುಖ್ಯ, ಗಡುವನ್ನು ತಯಾರಕರಲ್ಲದೆ ಆಯಾ ದೇಶದ ನಿಯಮವೂ ನಿರ್ಧರಿಸುತ್ತದೆ. ಅಮೆರಿಕದಲ್ಲಿ ಐದು ವರ್ಷಕ್ಕೊಮ್ಮೆ ಹೈಡ್ರೊಸ್ಟ್ಯಾಟಿಕ್ ಪರೀಕ್ಷೆ ಕಡ್ಡಾಯ, ಒಳಭಾಗವನ್ನು ಕಣ್ಣಿನಿಂದ ನೋಡುವ ತಪಾಸಣೆ ವರ್ಷಕ್ಕೊಮ್ಮೆ ಎಂಬುದು ಡೈವಿಂಗ್ ವಲಯದ ರೂಢಿ. ಬ್ರಿಟನ್ನಿನಲ್ಲಿ ಆ ತಪಾಸಣೆ ಎರಡೂವರೆ ವರ್ಷಕ್ಕೊಮ್ಮೆ. ಹೈಡ್ರೊ ಪರೀಕ್ಷೆಯಲ್ಲಿ ಸಿಲಿಂಡರನ್ನು ನೀರು ತುಂಬಿ ಬಳಕೆಯ ಒತ್ತಡಕ್ಕಿಂತ ಬಹಳ ಹೆಚ್ಚಿನ ಒತ್ತಡಕ್ಕೆ ಏರಿಸುತ್ತಾರೆ. 3000 ಪಿಎಸ್‌ಐನ (ಅಮೆರಿಕದ ಒತ್ತಡದ ಮಾನ) ಸಾಮಾನ್ಯ ಅಲ್ಯೂಮಿನಿಯಂ ಸಿಲಿಂಡರ್‌ಗೆ ಅಮೆರಿಕದ ನಿಯಮದಲ್ಲಿ ಅದು 5000 ಪಿಎಸ್‌ಐ. ತೇರ್ಗಡೆಯಾದರೆ ತಿಂಗಳು ಮತ್ತು ವರ್ಷವನ್ನು ಭುಜದ ಮೇಲೆ ಅಚ್ಚೊತ್ತುತ್ತಾರೆ, ಹಾಗಾಗಿ ಮೂಲ ದಾಖಲೆ ಸಿಲಿಂಡರ್‌ನ ಮೈಮೇಲೆಯೇ ಇರುತ್ತದೆ. ಆದರೂ ಆ ಅಚ್ಚಿನ ಒಂದು ಫೋಟೊ ತೆಗೆದು ಇಟ್ಟುಕೊಳ್ಳುವುದು ಒಳ್ಳೆಯದು, ಬಣ್ಣ ಬಳಿದ ಮೇಲೆ ಅಂಕಿಗಳನ್ನು ಬೆರಳಿನಿಂದ ತಡವಿ ಓದಬೇಕಾಗುತ್ತದೆ. ಸಬ್‌ಸರ್ಫೇಸ್‌ನ ಸಿಲಿಂಡರ್ ಕೋಷ್ಟಕದಲ್ಲಿ ಹೆಸರನ್ನು ನಾವೇ ಕೊಡಬಹುದು; ನನ್ನ ಎರಡಕ್ಕೂ ಪರೀಕ್ಷೆಯ ವರ್ಷ ಸೇರಿಸಿಯೇ ಹೆಸರಿಟ್ಟಿದ್ದೇನೆ, ಡೈವ್ ದಾಖಲಿಸುವಾಗಲೆಲ್ಲ ಆ ವರ್ಷ ಕಣ್ಣಿಗೆ ಬೀಳುತ್ತದೆ.

ಉಳಿದ ವಸ್ತುಗಳಿಗೆ ಸ್ಪ್ರೆಡ್‌ಶೀಟ್‌ನಲ್ಲಿ ಒಂದೊಂದು ಸಾಲು ಸಾಕು. ಡೈವ್ ಕಂಪ್ಯೂಟರ್‌ನ ಬ್ಯಾಟರಿ ಬದಲಿಸಿದ ದಿನ, ಅದರ ಜೊತೆಗೆ ಓ-ರಿಂಗ್ ಬದಲಿಸಿದ್ದೇನೋ ಇಲ್ಲವೋ ಎಂಬುದು. ಹೋಸ್‌ಗಳನ್ನು ಹಾಕಿದ ವರ್ಷ; ನೇಯ್ಗೆಯ ಹೊದಿಕೆ ಇರುವ ಹೋಸ್‌ಗಳಲ್ಲಿ ಕೆಲವದರ ಒಳಗಿನ ಪಾಲಿಯುರೆಥೇನ್ ಪದರ ಬಿಸಿ ಮತ್ತು ತೇವದಿಂದ ಹರಳುಗಟ್ಟಿ ಗಾಳಿಯ ದಾರಿಗೆ ಅಡ್ಡ ಬಂದ ಪ್ರಕರಣಗಳ ಬಗ್ಗೆ ಡೈವರ್‌ಗಳ ಸುರಕ್ಷತೆಯ ಸಂಸ್ಥೆಯಾದ ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಎಚ್ಚರಿಸಿದ್ದು, ಹೊರಗಿನಿಂದ ಹೊಸದರಂತೆ ಕಾಣುವ ಹೋಸ್‌ನ ವಯಸ್ಸನ್ನು ನೆನಪಿಗೆ ಬಿಡುವುದು ಸರಿಯಲ್ಲ. ನೈಟ್ರಾಕ್ಸ್ (ಆಕ್ಸಿಜನ್ ಹೆಚ್ಚಿಸಿದ ಉಸಿರಾಟದ ಗಾಳಿ) ಅಳೆಯುವ ಆಕ್ಸಿಜನ್ ಸೆನ್ಸರ್‌ಗಳು ತಯಾರಾದ ದಿನದಿಂದಲೇ ಸವೆಯುತ್ತಾ ಹೋಗುವುದರಿಂದ ಅವುಗಳಿಗೆ ಕೊಂಡ ದಿನವನ್ನಲ್ಲ, ಮೇಲೆ ನಮೂದಾಗಿರುವ ತಯಾರಿಕೆಯ ದಿನವನ್ನು ಬರೆಯಬೇಕು. ಬಿಸಿಡಿಯ ಇನ್‌ಫ್ಲೇಟರ್‌ಗೆ ಮಾತ್ರ ನಾನು ಹೆಚ್ಚು ಗಮನ ಕೊಡುತ್ತೇನೆ: ಉಪ್ಪು ಕಟ್ಟಿದ ಗುಂಡಿ ನೀರಿನ ಕೆಳಗೆ ಒತ್ತಿದಲ್ಲೇ ಅಂಟಿಕೊಂಡರೆ ಬಿಸಿಡಿ ತುಂಬುತ್ತಲೇ ಹೋಗಿ ಡೈವರನ್ನು ಮೇಲಕ್ಕೆ ಎತ್ತೊಯ್ಯುತ್ತದೆ. ಆದರೂ ರೆಗ್ಯುಲೇಟರನ್ನು ಸರ್ವಿಸ್‌ಗೆ ಕೊಡುವ ಎಷ್ಟೋ ಜನ ಇನ್‌ಫ್ಲೇಟರನ್ನು ಮನೆಯಲ್ಲೇ ಬಿಟ್ಟು ಹೋಗುತ್ತಾರೆ.

ಡ್ರೈಸೂಟ್‌ನ ಲೆಕ್ಕ ತಂತ್ರಾಂಶದಲ್ಲೇ ಚೆನ್ನಾಗಿ ನಡೆಯುತ್ತದೆ, ಸೂಟ್‌ಗೆ ಸ್ವಂತ ಸ್ಥಳ ಇರುವುದರಿಂದ. ಕೆಲವು ಮಾದರಿಯ ಡೈವ್ ಕಂಪ್ಯೂಟರ್‌ಗಳಿಂದ ಇಳಿಸಿದಾಗ ಆ ಡೈವ್‌ನ ಬ್ಯಾಟರಿ ವೋಲ್ಟೇಜ್ ಕೂಡ ಹೆಚ್ಚುವರಿ ಮಾಹಿತಿಯಲ್ಲಿ ದಾಖಲಾಗುತ್ತದೆ. ಅದನ್ನು ಡೈವ್‌ನಿಂದ ಡೈವ್‌ಗೆ ನೋಡುತ್ತಾ ಹೋದರೆ ಬ್ಯಾಟರಿ ಯಾವಾಗ ಸೋಲತೊಡಗಿತು ಎಂಬುದು ತಿಳಿಯುತ್ತದೆ.

ತಂತ್ರಾಂಶದ ದೋಷವೆಂದು ನಾನು ಎಣಿಸುವುದು ಮುಖ್ಯವಾಗಿ ಒಂದನ್ನೇ. ಡೈವ್‌ಗಳನ್ನು ಇಳಿಸಿಕೊಂಡ ಮೇಲೆ ಟ್ಯಾಗ್ ಹಾಕಲು ಮರೆತರೆ ಅದು ಏನನ್ನೂ ಹೇಳುವುದಿಲ್ಲ, ಲೆಕ್ಕ ಸದ್ದಿಲ್ಲದೆ ಕಡಿಮೆಯಾಗುತ್ತದೆ. ಸರ್ವಿಸ್ ಲೆಕ್ಕದಲ್ಲಿ ಇರುವುದಕ್ಕಿಂತ ಹೆಚ್ಚು ಎಣಿಸಿದರೆ ಹಾನಿಯಿಲ್ಲ, ಕಡಿಮೆ ಎಣಿಸುವುದೇ ಅಪಾಯ. ಇದಕ್ಕೆ ನಾನು ಮಾಡುವುದಿಷ್ಟು: ತಿಂಗಳಿಗೊಮ್ಮೆ ಆ ತಿಂಗಳ ಡೈವ್‌ಗಳನ್ನೆಲ್ಲ ಸೋಸಿ, ಎರಡು ರೆಗ್ಯುಲೇಟರ್‌ಗಳ ಎಣಿಕೆಯ ಮೊತ್ತ ಒಟ್ಟು ಡೈವ್‌ಗಳಿಗೆ ಸರಿಹೊಂದುತ್ತದೆಯೇ ಎಂದು ನೋಡುತ್ತೇನೆ. ಬಾಡಿಗೆಯ ರೆಗ್ಯುಲೇಟರ್ ಬಳಸಿದ ಡೈವ್‌ಗಳಿಗೂ ‘ಬಾಡಿಗೆ’ ಎಂಬ ಟ್ಯಾಗ್ ಹಾಕದಿದ್ದರೆ ಈ ತಾಳೆ ಕೂಡುವುದಿಲ್ಲ. ಸೋಸುವ ಶರತ್ತುಗಳನ್ನು ಹೆಸರಿಟ್ಟು ಉಳಿಸಿಕೊಳ್ಳುವ ಅನುಕೂಲ ಇರುವುದರಿಂದ ಇದಕ್ಕೆ ಹತ್ತು ನಿಮಿಷವೂ ಹಿಡಿಯುವುದಿಲ್ಲ. ಇಷ್ಟು ಶಿಸ್ತು ತಮ್ಮಿಂದಾಗದು ಎನ್ನುವವರಿಗೆ, ವರ್ಷಕ್ಕೆ ಮೂವತ್ತಕ್ಕಿಂತ ಕಡಿಮೆ ಡೈವ್ ಮಾಡುವವರಿಗೆ, ಕ್ಯಾಲೆಂಡರ್ ಲೆಕ್ಕವೇ ಯಾವಾಗಲೂ ಮೊದಲು ಮುಗಿಯುವುದರಿಂದ, ಟ್ಯಾಗ್‌ಗಳ ಗೊಡವೆಯೇ ಬೇಡ. ಸಲಕರಣೆಯ ಚೀಲದಲ್ಲಿ ಇಟ್ಟ ಒಂದು ಕಾರ್ಡು ಸಾಕು. ಸಂಘಗಳಿಗೆ, ಹತ್ತಾರು ಸೆಟ್‌ಗಳನ್ನು ಬಾಡಿಗೆಗೆ ಕೊಡುವವರಿಗೆ ಇದು ಒಪ್ಪುವುದಿಲ್ಲ, ಅವರಿಗೆ ಬೇಕಾದದ್ದು ಡೈವ್‌ಗಳ ಪಟ್ಟಿಯಲ್ಲ, ವಸ್ತುಗಳ ಪಟ್ಟಿ. ವರ್ಷಕ್ಕೆ ಐವತ್ತರಿಂದ ನೂರೈವತ್ತು ಡೈವ್ ಮಾಡುವ, ಸ್ವಂತ ಸಲಕರಣೆ ಇರುವ ಒಬ್ಬ ಡೈವರ್‌ಗೆ ಇದಕ್ಕಿಂತ ಒಳ್ಳೆಯ ಎಣಿಕೆಯ ಸಾಧನವನ್ನು ನಾನು ಕಂಡಿಲ್ಲ.

ದಾಖಲೆಯು ನಮ್ಮ ಕಂಪ್ಯೂಟರ್‌ನಲ್ಲಿಯೇ ಒಂದು ಫೈಲ್ ಆಗಿ ಇರುತ್ತದೆ, ಬೇಕೆಂದವರು ಸಬ್‌ಸರ್ಫೇಸ್‌ನದೇ ಕ್ಲೌಡ್‌ನಲ್ಲಿಯೂ ಇಡಬಹುದು, ಆಯ್ದ ಡೈವ್‌ಗಳನ್ನು ಸ್ಪ್ರೆಡ್‌ಶೀಟ್ ಓದಬಲ್ಲ ರೂಪದಲ್ಲಿ ಹೊರತೆಗೆಯಬಹುದು. ಇದರ ಉಪಯೋಗ ನನಗೆ ತಿಳಿದದ್ದು ಈ ವರ್ಷ ಎರಡನೆಯ ಸೆಟ್ಟನ್ನು ಮಾರಿದಾಗ. ಕೊಳ್ಳಲು ಬಂದವರ ಮುಂದೆ ಅದರ 214 ಡೈವ್‌ಗಳ ಪಟ್ಟಿಯನ್ನೂ, ಮೂರು ಸರ್ವಿಸ್‌ಗಳ ಸಾಲುಗಳನ್ನೂ, ಮಧ್ಯಂತರ ಒತ್ತಡದ ಅಂಕಿಗಳನ್ನೂ ಇಟ್ಟೆ. ಅವರು ಪಟ್ಟಿಯನ್ನು ಮೇಲಿಂದ ಕೆಳಗೆ ಓದಿ, ಗೇಜ್ ಕೇಳಿ ಪಡೆದು, ಸೆಟ್ಟನ್ನು ಸಿಲಿಂಡರ್‌ಗೆ ಸಿಕ್ಕಿಸಿ ತಾವೇ ಅಳೆದರು. ಮುಳ್ಳು 9.5ರಲ್ಲಿ ನಿಂತಿತು. ಗೇಜ್ ತೆಗೆಯದೆ ಹತ್ತು ನಿಮಿಷ ಕಾಯೋಣ ಎಂದು ನಾನೇ ಹೇಳಿದೆ.